ಕೋಗಿಲಮ್ಮನೂ ಅಳಿಯನ ತಕ್ಕಡಿಯೂ

ಮುಳ್ಳನ್ನು ತೂಗಲಿಕ್ಕೂ ಒಂದು ತಕ್ಕಡಿ ಇದೆ ಎಂದು ನಾನು ಮೊಟ್ಟಮೊದಲು ಕೇಳಿದ್ದು ನನ್ನ ಅಳಿಯನ ಬಾಯಿಂದ, ಅದೂ ಊಟಕ್ಕೆ ಕೂತಾಗ. ಮೀನಿನ ಮುಳ್ಳಲ್ಲ, ಬೇಲಿಯ ಮುಳ್ಳಲ್ಲ. ಹಾಡಿನ ಪೆಟ್ಟಿಗೆಯ ಮುಳ್ಳು. ಕಪ್ಪು ಪ್ಲೇಟು ತಿರುಗುವಾಗ ಅದರ ಮೇಲೆ ಕೂತು ಹಾಡಿಸುತ್ತದಲ್ಲ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಅದು.

"ಅತ್ತೆ, ಮುಳ್ಳಿನ ಭಾರ ಎಷ್ಟು ಅಂತ ತಿಳೀದೆ ಹಾಡು ಹಾಕೋಕಾಗಲ್ಲ. ಒಂದು ಪುಟ್ಟ ತಕ್ಕಡಿ ತರಿಸಿದ್ದೀನಿ," ಎಂದರು ಅಳಿಯಂದಿರು.

"ನಿಮ್ಮ ಮಾವನವರು ಯಾವತ್ತೂ ತೂಗಲಿಲ್ಲವಲ್ಲ?"

"ಅದಕ್ಕೇ ಅತ್ತೆ," ಎಂದು ಮುಗುಳ್ನಕ್ಕು ತುತ್ತು ಬಾಯಿಗಿಟ್ಟರು.

(ಈ 'ಅದಕ್ಕೇ'ಯನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಇದರಿಂದ ನನ್ನ ಮಾನ ಹೋಗುವುದಿದೆ.)

ಕೆಣಕಿದವಳು ನಾನೇ, ಒಪ್ಪಿದೆ. ನಮ್ಮವರು ತೀರಿಕೊಂಡ ಮೇಲೆ ಅವರ ಹಾಡಿನ ಪೆಟ್ಟಿಗೆ ಬೀರುವಿನ ನೆತ್ತಿಯ ಮೇಲೆ ಹಳೆಯ ಹೊದಿಕೆ ಹೊದ್ದು ಮಲಗಿತ್ತು. ಒಂದು ದಿನ ಧೂಳು ಹೊಡೆಯುವಾಗ ಮನಸ್ಸು ತಡೆಯಲಿಲ್ಲ. "ಅಳಿಯಂದ್ರೆ, ಇದರಲ್ಲಿ ಒಂದೇ ಒಂದು ಸಲ ಹಾಡು ಹಾಕಿ ಕೊಡ್ತೀರಾ? ಸುಮ್ಮನೆ ಕೂತು ಕೇಳ್ತೀನಿ," ಎಂದೆ. ಕೇಳಿದ್ದು ಇಷ್ಟೇ. ಒಂದು ಲೋಟ ನೀರು ಕೇಳಿದರೆ ಬಾವಿ ತೋಡಲು ಹೊರಡುವ ಜನ ಲೋಕದಲ್ಲಿ ಉಂಟು. ನನಗೆ ಸಿಕ್ಕ ಅಳಿಯ ಬಾವಿ ತೋಡುವ ಮುಂಚೆ ಗುದ್ದಲಿಯ ಹಿಡಿ ಎಷ್ಟುದ್ದ ಎಂದು ಅಳೆಯುವವರು.

ಅವರದು ಕನ್ನಡಕದ ಅಂಗಡಿ. ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣ ಮುಂದೆ ಗಾಜು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದು ಚೆನ್ನಾಗಿತ್ತಾ?" ಎಂದು ಕೇಳಿ ಕೇಳಿ, ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಉಪ್ಪು ಸಾಕಾ ಎಂದರೆ "ನಿನ್ನೆಗಿಂತ ಸಾಕು" ಎನ್ನುವ ಮನುಷ್ಯ.

ತಕ್ಕಡಿ ಬಂತು. ಬೆಂಕಿಪೊಟ್ಟಣದಷ್ಟಿತ್ತು. ಅಳಿಯಂದಿರು ಉಸಿರು ಬಿಗಿಹಿಡಿದು ಮುಳ್ಳನ್ನು ಅದರ ಮೇಲೆ ಇಳಿಸಿದರು. "ಜಾಸ್ತಿ" ಎಂದು ಮುಳ್ಳು ಹೊತ್ತ ತೋಳಿನ ಹಿಂಬದಿಯ ಭಾರದ ಗುಂಡನ್ನು ಒಂದು ಕೂದಲೆಳೆ ತಿರುಗಿಸಿದರು. "ಕಮ್ಮಿ" ಎಂದು ಹಿಂದಕ್ಕೆ ತಿರುಗಿಸಿದರು. ಅಕ್ಕಿ ಅಂಗಡಿಯವನು ಹೀಗೆ ತೂಗಿದ್ದರೆ ಬೀದಿಗೆ ಬೀದಿಯೇ ಉಪವಾಸ ಬೀಳುತ್ತಿತ್ತು.

"ಎಷ್ಟು ಜಾಸ್ತಿಯಂತೆ?" ಎಂದೆ.

"ಒಂದು ಸೊಳ್ಳೆಯಷ್ಟು ಅತ್ತೆ."

"ಆ ಸೊಳ್ಳೆ ನನ್ನನ್ನ ಕಚ್ಚಿದ್ರೂ ನಾನು ಇಷ್ಟು ಹೊತ್ತು ಕೆರ್ಕೊಳ್ತಿರಲಿಲ್ಲ ಬಿಡಿ."

ಆಮೇಲೆ ರಸಮಟ್ಟ ಬಂತು. ಗಾರೆ ಕೆಲಸದವರ ಕೈಯಲ್ಲಿ ಇರುತ್ತದಲ್ಲ, ಅದರ ಮರಿ. ಒಳಗೆ ಹಸಿರು ನೀರು, ನೀರಲ್ಲೊಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಲ್ಲಬೇಕಂತೆ, ಆಗಲೇ ಪೆಟ್ಟಿಗೆ ಸಮವಾಗಿ ಕೂತಿದೆ ಎಂದು ಅರ್ಥವಂತೆ. ಗುಳ್ಳೆ ಕಿಟಕಿಯ ಪಕ್ಕ ನಿಲ್ಲಲಿಲ್ಲ, ಮಲಗುವ ಕೋಣೆಯಲ್ಲಿ ನಿಲ್ಲಲಿಲ್ಲ. "ಈ ಮನೆಯ ನೆಲವೇ ಸರಿಯಿಲ್ಲ" ಎಂದು ಅಳಿಯಂದಿರು ತೀರ್ಪು ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೇಳಿದ್ದೆ. ಹಾಡಿಸಲಾರದವನೂ ಅದನ್ನೇ ಅನ್ನುತ್ತಾನೆ ಎಂದು ಅವತ್ತು ಕಣ್ಣಾರೆ ಕಂಡೆ.

ಕೊನೆಗೆ ಆ ಮಹಾರಾಜ ಗುಳ್ಳೆ ಸಿಂಹಾಸನ ಏರಿದ್ದು ನನ್ನ ಮಗಳ ಮೇಜಿನ ಮೇಲೆ. ಮಗಳು ಮನೆಯಲ್ಲೇ ಬಟ್ಟೆ ಹೊಲಿದು ಕೊಡುವವಳು. ನಡುಮನೆಯ ಆ ಉದ್ದ ಮೇಜು ಅವಳು ಬಟ್ಟೆ ಹರವಿ ಕತ್ತರಿಸುವ ಜಾಗ. ಅಲ್ಲಿಂದ ಅವಳ ಬಟ್ಟೆಗಳೆಲ್ಲ ನನ್ನ ಹಾಸಿಗೆಗೆ ವಲಸೆ ಬಂದವು. ಮಲಗಿ ಮಗ್ಗುಲಾದರೆ ಗುಂಡುಸೂಜಿ ಚುಚ್ಚುತ್ತಿತ್ತು. (ಅದರ ತೂಕವನ್ನು ಯಾರೂ ನೋಡಲಿಲ್ಲ.)

ಗೆರೆ ಎಳೆದ ಕನ್ನಡಿಯೊಂದು ಬಂತು. ಅದರ ಮೇಲಿನ ಚುಕ್ಕೆಯಲ್ಲಿ ಮುಳ್ಳಿನ ಮೂಗು ಸರಿಯಾಗಿ ಕೂರಬೇಕು, ತೋಳು ಗೆರೆಗೆ ನೇರ ಇರಬೇಕು. ನಾವು ಹೆಣ್ಣು ಕೊಡುವಾಗಲೂ ಗಂಡಿನ ಮೂಗು ಇಷ್ಟು ನೋಡಿರಲಿಲ್ಲ. ನೋಡಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ. ಅದಾದ ಮೇಲೆ ಬೆರಳುದ್ದದ ಕ್ಯಾಮರಾ ಬಂತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಮುಳ್ಳು ಒನಕೆಯಷ್ಟು ದಪ್ಪ ಕಾಣಿಸುತ್ತಿತ್ತು. ಅದರ ತುದಿಯಲ್ಲಿ ಏನೋ ಕಂದಗೆ ಅಂಟಿತ್ತು. "ಧೂಳು" ಎಂದರು ಅಳಿಯಂದಿರು. ನನಗೆ ಅದು ನಮ್ಮವರ ನಶ್ಯದ ಪುಡಿಯ ಹಾಗೆ ಕಂಡಿತು. ಇರಲಿ ಬಿಡಿ ಎನ್ನುವಷ್ಟರಲ್ಲಿ ಕುಂಚದಿಂದ ಸವರಿ ತೆಗೆದೇಬಿಟ್ಟರು.

ಇಷ್ಟಕ್ಕೂ ನಾನು ಕೇಳಬೇಕೆಂದಿದ್ದ ಹಾಡು ಯಾವುದು ಎಂದು ಹೇಳಬೇಕು. ಆ ಪೆಟ್ಟಿಗೆಯ ಜೊತೆ ಇದ್ದದ್ದು ಒಂದೇ ಪ್ಲೇಟು. ಊರು ಬಿಟ್ಟು ಹೋಗುತ್ತಿದ್ದ ಯಾರೋ ಎರಡನ್ನೂ ನಮ್ಮವರಿಗೆ ದಾಟಿಸಿದ್ದರು. ಪ್ಲೇಟಿನ ಹೊರಗಿನ ಚೀಲ ಯಾವತ್ತೋ ಹರಿದುಹೋಗಿತ್ತು. ನಡುವಿನ ದುಂಡನೆಯ ಕಾಗದದ ಮೇಲಿನ ಅಕ್ಷರ ನಮ್ಮ ಅಕ್ಷರವಲ್ಲ. ನನ್ನ ಪಾಲಿಗೆ ಅದು ಇರುವೆ ಸಾಲು. ಅದರಲ್ಲಿ ಹಾಡುತ್ತಿದ್ದವಳಿಗೆ ಕೋಗಿಲಮ್ಮ ಎಂದು ಹೆಸರಿಟ್ಟವಳು ನಾನು. ಪ್ರೀತಿಯಿಂದ ಇಟ್ಟ ಹೆಸರಲ್ಲ.

ನಮ್ಮವರು ಬಸ್ಸು ಓಡಿಸುತ್ತಿದ್ದರು. ಬೆಳಗಿನ ಮೊದಲನೇ ಬಸ್ಸು. ಹೊರಡುವ ಮುಂಚೆ ಪ್ಲೇಟು ಹಾಕಿ, ಕಾಫಿ ಲೋಟ ಹಿಡಿದು, ಬೆಕ್ಕು ಹಾಲು ಕುಡಿಯುವ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. "ಎಂಥಾ ಕಂಠ ಕಣೇ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!" ಎನ್ನುತ್ತಿದ್ದರು.

"ಕಂಠ ಇದ್ರೆ ಆಯ್ತಾ? ಒಲೆ ಹಚ್ಚೋಕೆ ಬರುತ್ತಾ ಅವಳಿಗೆ?" ಎಂದು ನಾನು ಅಡುಗೆಮನೆಯಿಂದ ಮೂತಿ ತಿರುವುತ್ತಿದ್ದೆ.

ಎಳೆ ಹುಡುಗಿಯ ಸಣ್ಣ ದನಿ. ಅದೇನು ಅವಸರವೋ ಅವಳಿಗೆ, ಬೆನ್ನಟ್ಟಿ ಬಂದವರ ಹಾಗೆ ಸರಸರ ಹಾಡಿ ಮುಗಿಸುತ್ತಿದ್ದಳು. ಪದವೂ ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲ. ಆದರೂ ಅವಳನ್ನು ಹೊಗಳಿದ ದಿನ ನಾನು ಸುಮ್ಮನಿರುತ್ತಿರಲಿಲ್ಲ. ಸಂಜೆ ಅವರು ಬಸ್ಸಿಳಿದು ಬರುವಷ್ಟರಲ್ಲಿ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಎರಡು ಬಗೆ ಹೆಚ್ಚಿಗೆ ಅಡುಗೆ ಮಾಡಿ ಬಡಿಸುತ್ತಿದ್ದೆ. ಹಾಡಿಕೊಂಡು ಇದನ್ನು ಮಾಡಲಿ ನೋಡೋಣ, ನಿಮ್ಮ ಕೋಗಿಲಮ್ಮ! ಅವರು ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದರು. ಗೆದ್ದೆ ಎಂದುಕೊಂಡು ಮಲಗುತ್ತಿದ್ದೆ. ಬೆಳಗಾದರೆ ಮತ್ತೆ ಅವಳು, ಮತ್ತೆ ಆ ಬೆಕ್ಕಿನ ಮುಖ.

ಹಾಗಾದರೆ ಅವಳ ಹಾಡು ನಿನಗೇಕೆ ಬೇಕಿತ್ತು ಎಂದು ಕೇಳುತ್ತೀರಿ. ಅವರು ಹೋಗಿಬಿಟ್ಟರು, ಜಗಳ ಅರ್ಧಕ್ಕೇ ನಿಂತಿದೆ. ಬೆಳಗ್ಗೆ ಕಾಫಿಗೆ ನೀರಿಟ್ಟು ನಿಂತರೆ ಬೈಯಲು ಒಂದು ಹೆಸರಿಲ್ಲ. ಅವಳೊಂದು ಸಲ ಹಾಡಲಿ, ನಾನೊಂದು ಸಲ ಮೂತಿ ತಿರುವುತ್ತೇನೆ, ಆ ಬೆಳಗು ಒಂದು ಗಳಿಗೆ ಒಳಗೆ ಬಂದು ಹೋಗಲಿ. ಬೇಕಾಗಿದ್ದದ್ದು ಅಷ್ಟೇ.

ಅಳಿಯಂದಿರ ಸವಾರಿ ಅಷ್ಟರಲ್ಲಿ ಸಾಫ್ಟ್‌ವೇರಿಗೆ ಏರಿತ್ತು. ತಿರುಗುವ ತಟ್ಟೆಯ ಮೇಲೆ ಹಾಡಿನ ಪ್ಲೇಟಿನ ಬದಲು ತಮ್ಮ ಫೋನನ್ನು ಮಲಗಿಸಿ ತಿರುಗಿಸಿದರು. ಫೋನು ಗಿರಗಿರ ಸುತ್ತಿ, ತಲೆ ತಿರುಗಿದವರ ಹಾಗೆ ಏನೇನೋ ಅಂಕಿ ಒದರಿತು.

"ನಿಮಿಷಕ್ಕೆ ಮೂವತ್ತಮೂರು ಸುತ್ತು, ಮೇಲೊಂದು ಮೂರನೇ ಒಂದು ಭಾಗ ಸುತ್ತಬೇಕು ಅತ್ತೆ. ಒಂಚೂರು ಆಚೀಚೆ ಇದೆ."

"ಆ ಮೂರನೇ ಒಂದು ಭಾಗ ನನಗಿರಲಿ, ಉಳಿದದ್ದರಲ್ಲಿ ಹಾಡಿಸಿ."

ಅದಾದ ಮೇಲೆ ಪರೀಕ್ಷೆಯ ಪ್ಲೇಟು. ಅದರಲ್ಲಿ ಹಾಡಿಲ್ಲ, ವಾದ್ಯವಿಲ್ಲ. 'ಕುಂಯ್ಯ್' ಎಂದು ಬಾಗಿಲ ಸಂದಿಗೆ ಬಾಲ ಸಿಕ್ಕಿದ ನಾಯಿಮರಿಯ ಹಾಗೆ ಒಂದೇ ರಾಗ. ಆ ಕುಂಯ್ ಅನ್ನು ಕಂಪ್ಯೂಟರು ಕೇಳಿಸಿಕೊಂಡು ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು, ಅಳಿಯಂದಿರು ಆ ಗೆರೆಯ ಮುಂದೆ ಮೊಣಕಾಲೂರಿ ಕೂರುತ್ತಿದ್ದರು.

"ಇದು ಯಾವಾಗ ಮುಗಿಯುತ್ತೆ?"

"ಇದು ಪರೀಕ್ಷೆ ಅತ್ತೆ. ಪಾಸಾದ್ರೆ ಹಾಡು."

"ಸ್ಕೂಲಲ್ಲಿ ಮಕ್ಕಳು ಇಷ್ಟು ಸಲ ಕೂತಿದ್ರೆ ಮೇಷ್ಟ್ರೇ ಬೇಜಾರಾಗಿ ಪಾಸು ಮಾಡ್ತಿದ್ರು."

ಮನೆಯಲ್ಲಿ ಓಡಾಡುವಂತಿಲ್ಲ. "ಅತ್ತೆ, ನಡೀಬೇಡಿ, ಗೆರೆ ಅಲ್ಲಾಡ್ತಿದೆ!" ಎಂಬ ಕೂಗಿಗೆ ನಾನು ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ಒಂಟಿಕಾಲಿನ ಕೊಕ್ಕರೆಯಾಗಿ ನಿಂತದ್ದುಂಟು. ಮಗಳು ಮಷೀನು ತುಳಿಯುವಂತಿಲ್ಲ.

"ಏಯ್, ಒಂದ್ನಿಮಿಷ ನಿಲ್ಲಿಸೇ! ಗೆರೆ ಕುಣೀತಿದೆ!"

"ಕುಣೀಲಿ ಬಿಡ್ರೀ. ಈ ಮನೇಲಿ ಅದೊಂದಾದ್ರೂ ಖುಷಿಯಾಗಿರಲಿ."

ತಾಳಿದವಳು ಬಾಳಿಯಾಳು ಎಂದು ಮಗಳೂ ಕೆಲವು ದಿನ ತಾಳಿದಳು. ಆಮೇಲೆ ಒಂದು ಬೆಳಗ್ಗೆ ಕತ್ತರಿ ಕೈಯಲ್ಲೇ ಹಿಡಿದು ಗಂಡನ ಮುಂದೆ ನಿಂತಳು.

"ರೀ, ಸ್ಕೂಲ್ ಯೂನಿಫಾರಂ ಬಟ್ಟೆ ಸೋಮವಾರ ಬರುತ್ತೆ. ನಂಗೆ ಮೇಜು ಬೇಕು. ಭಾನುವಾರದೊಳಗೆ ಇದು ಹಾಡಿದ್ರೆ ಸರಿ, ಇಲ್ಲಾಂದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ. ನಿಮ್ಮ ತಕ್ಕಡೀನೂ ಅವನಿಗೇ ಇರಲಿ, ತೂಗೋಕೆ ಬೇಕಾಗುತ್ತೆ."

"ಅದು ನಿಮ್ಮಪ್ಪನ ಪೆಟ್ಟಿಗೆ ಕಣೇ!" ಎಂದೆ.

"ಅಪ್ಪನ ಪೆಟ್ಟಿಗೆ ಹಾಡ್ತಿತ್ತಮ್ಮ. ಇದು ಬರೀ ಲೆಕ್ಕ ಹೇಳುತ್ತೆ."

ಅಳಿಯಂದಿರಿಗೆ ಬಿಸಿ ತಟ್ಟಲೇ ಇಲ್ಲ. "ಶನಿವಾರ ಇನ್ನೊಂದು ಸಾಮಾನು ಬರೋದಿದೆ. ಅದೊಂದು ಬಂದ್ರೆ ಮುಗೀತು," ಎಂದರು. ಆ 'ಅದೊಂದು' ಬಂದರೆ ಇನ್ನೊಂದು 'ಅದೊಂದು' ಹುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಇವರ ಅಳತೆ ಮುಗಿಯುವಷ್ಟರಲ್ಲಿ ನನ್ನನ್ನೇ ಅಳೆದು ಪೆಟ್ಟಿಗೆ ಮಾಡಿಸಬೇಕಾಗುತ್ತಿತ್ತು. ಶನಿವಾರ ಮಧ್ಯಾಹ್ನ ಅವರು ಅಂಗಡಿಯಲ್ಲಿದ್ದರು, ಮಗಳು ಗುಂಡಿ ದಾರ ತರಲು ಪೇಟೆಗೆ ಹೋದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ನಮ್ಮವರ ಬಳಿ ಇದ್ದ ಉಪಕರಣ ಒಂದೇ: ಒಂದು ನಾಣ್ಯ. ಮುಳ್ಳು ಹಾರದಿರಲಿ ಎಂದು ತೋಳಿನ ತಲೆಯ ಮೇಲೆ ಇಡುತ್ತಿದ್ದರು. ನಾನೂ ಒಂದು ಇಟ್ಟೆ. ಕಾಫಿ ಮಾಡಿಕೊಂಡು ಬಂದು ಲೋಟ ಹಿಡಿದು ಕೂತೆ. ಪ್ಲೇಟು ತಿರುಗಿಸಿ ಮುಳ್ಳು ಇಳಿಸಿದೆ. ಕರಕರ ಎಂದಿತು. ಮೂತಿ ತಿರುವಲು ಸಿದ್ಧಳಾದೆ.

ಒಬ್ಬ ಗಂಡಸು ಹಾಡಲು ಶುರುಮಾಡಿದ.

ಅದೂ ಎಂಥ ಗಂಡಸು! ಹೊಟ್ಟೆತುಂಬ ಉಂಡು ದಿಂಬಿಗೆ ಒರಗಿದವನ ಹಾಗೆ, ಯಾವ ಅವಸರವೂ ಇಲ್ಲದೆ, ಒಂದೊಂದೇ ಪದವನ್ನು ಅಗಿದು ಅಗಿದು ಹಾಡುತ್ತಿದ್ದ. ಮನೆಯೊಳಗೆ ಯಾರೋ ನುಗ್ಗಿದ್ದಾರೆ ಎಂದು ಮಗಳ ಕತ್ತರಿ ಹಿಡಿದು ಬಾಗಿಲ ಸಂದಿ, ಮಂಚದ ಕೆಳಗೆ ಎಲ್ಲ ನೋಡಿ ಬಂದೆ. ದನಿ ಪೆಟ್ಟಿಗೆಯಿಂದಲೇ ಬರುತ್ತಿತ್ತು. ಹಾಡು ಅದೇ. ಪ್ಲೇಟು ಅದೇ. ಕೋಗಿಲಮ್ಮ ಮಾತ್ರ ಇಲ್ಲ.

ಆಗ ನನಗೆ ಎಲ್ಲ ಅರ್ಥವಾಯಿತು. ತೂಗಿ, ಅಳೆದು, ಕನ್ನಡಿ ಹಿಡಿದು, ಕುಂಚ ಸವರಿ, ನಮ್ಮ ಹುಡುಗಿಯನ್ನು ಗಂಡಸು ಮಾಡಿ ಕೂರಿಸಿದ್ದಾರೆ!

ಸಂಜೆ ಗಂಡಹೆಂಡಿರು ಒಟ್ಟಿಗೇ ಬಾಗಿಲಿಗೆ ಬಂದರು. ಚಪ್ಪಲಿ ಬಿಡಲೂ ಬಿಡಲಿಲ್ಲ ನಾನು.

"ಏನು ಮಾಡಿದ್ರಿ ಅವಳನ್ನ? ಚೆನ್ನಾಗಿದ್ದ ಹುಡುಗಿ! ಮೀಸೆ ಬಂದ ಹಾಗಿದೆ ದನಿಗೆ!"

ಅಳಿಯಂದಿರ ಕಣ್ಣು ಮೊದಲು ಹೋದದ್ದು ನಾಣ್ಯಕ್ಕೆ. "ಅಯ್ಯಯ್ಯೋ ಅತ್ತೆ! ಸೊಳ್ಳೆ ಕೂರೋ ಜಾಗದಲ್ಲಿ ಎಮ್ಮೆ ಕೂರಿಸಿದ್ದೀರಲ್ಲ!" ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿದರು.

"ಎಮ್ಮೆ ಹಾಳಾಗಿ ಹೋಗಲಿ, ಹುಡುಗಿ ಎಲ್ಲಿ?"

"ಯಾವ ಹುಡುಗಿ? ಇದರಲ್ಲಿ ಹಾಡಿರೋದು ಗಂಡಸೇ." ಪ್ಲೇಟಿನ ನಡುವಿನ ಕಾಗದ ತೋರಿಸಿದರು. "ಹೆಸರಿಗೆ ಮೊದಲು 'ಶ್ರೀಮಾನ್' ಅಂತಲೇ ಅಚ್ಚಾಗಿದೆ ನೋಡಿ. ಈ ಪೆಟ್ಟಿಗೇಲಿ ವೇಗ ಬದಲಿಸೋ ಒಂದು ಕಡ್ಡಿ ಇದೆ. ಅದು ನಲವತ್ತೈದು ಸುತ್ತಿನ ಜಾಗದಲ್ಲಿ ತುಕ್ಕು ಹಿಡಿದು ಕಚ್ಕೊಂಡಿತ್ತು. ನಾನು ಮೊದಲನೇ ದಿನವೇ ಎಣ್ಣೆ ಬಿಟ್ಟು ಮೂವತ್ತಮೂರಕ್ಕೆ ತಂದೆ. ಮಾವನವರು ಇಷ್ಟು ವರ್ಷ ಅವನನ್ನ ಓಡಿಸ್ಕೊಂಡೇ ಹಾಡಿಸಿದ್ದಾರೆ. ಓಡಿದ್ರೆ ದನಿ ಸಣ್ಣ ಆಗುತ್ತೆ. ಅದಕ್ಕೇ ಅತ್ತೆ, ಅಳತೆ ಬೇಕು ಅನ್ನೋದು."

ನಾನು ಕುರ್ಚಿ ಹುಡುಕಿ ಕೂತೆ. ಮಗಳು ಗೋಡೆಗೆ ತಿರುಗಿಕೊಂಡು ಭುಜ ಕುಣಿಸುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡೆ.

"ನಿಂಗೆ ಗೊತ್ತಿತ್ತಾ?"

"ಹೈಸ್ಕೂಲಿನಲ್ಲಿದ್ದಾಗಲೇ ಆ ಹೆಸರು ಓದಿದ್ದೆನಮ್ಮ. ಅಪ್ಪನ್ನ ಕೇಳಿದೆ." ನಗು ತಡೆಯಲಾರದೆ ದುಪ್ಪಟ್ಟ ಬಾಯಿಗೆ ಒತ್ತಿಕೊಂಡಳು. "'ನಿಮ್ಮಮ್ಮನಿಗೆ ಹೇಳಬೇಡ ಪುಟ್ಟೀ, ಅವಳಿಗೆ ಹೊಟ್ಟೆ ಉರಿದ ದಿನ ಅಡುಗೆ ಬೇರೆ ಥರಾನೇ ಇರುತ್ತೆ' ಅಂದ್ರು. ಕಡ್ಡಿ ರಿಪೇರಿ ಮಾಡಿಸಿ ಅಂದ್ರೆ, 'ನಿಧಾನವಾಗಿ ಹಾಡಿದ್ರೆ ಮೊದಲನೇ ಬಸ್ಸು ಲೇಟಾಗುತ್ತೆ' ಅಂತಿದ್ರು."

"ನೀನೂ ಸೇರಿದ್ಯಾ ಅವರ ಜೊತೆ!"

"ನನ್ನ ತಟ್ಟೆಗೂ ಬೀಳ್ತಿತ್ತಲ್ಲಮ್ಮ, ಆ ಎರಡು ಬಗೆ."

ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಹಾಗೆನ್ನುವವರು ನಮ್ಮವರ ಜೊತೆ ಸಂಸಾರ ಮಾಡಿಲ್ಲ. ಅವತ್ತು ರಾತ್ರಿ ಊಟ ಬಡಿಸುತ್ತಾ ಗೋಡೆಯ ಮೇಲಿನ ಅವರ ಪಟಕ್ಕೆ ಸೌಟು ತೋರಿಸಿ ಬೈದೆ. ಆಯುಷ್ಯವೆಲ್ಲ ನಾನು ತಲೆ ಬಾಚಿದ್ದು, ಒಳ್ಳೆಯ ಬಟ್ಟೆ ಉಟ್ಟದ್ದು, ಒಲೆ ಮುಂದೆ ಬೆಂದದ್ದು ಒಬ್ಬ ಶ್ರೀಮಾನರ ಜೊತೆಗಿನ ಪೈಪೋಟಿಗೆ! ಪಟದಲ್ಲೂ ಅದೇ ಬೆಕ್ಕಿನ ಮುಖ.

ಭಾನುವಾರ ಬೆಳಗ್ಗೆ ಕಾಫಿಗೆ ನೀರಿಟ್ಟೆ. ಬೈಯಲು ಈಗ ಇಬ್ಬರಿದ್ದರು, ಆದರೆ ಶ್ರೀಮಾನರ ದನಿಗೆ ಮೂತಿ ತಿರುವಲು ಮನಸ್ಸು ಬರಲಿಲ್ಲ. ಅಳಿಯಂದಿರು ಮುಳ್ಳು ತೂಗುತ್ತಿದ್ದರು. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಅಳಿಯಂದ್ರೆ, ಆ ಕಡ್ಡೀನ ಮೊದಲಿದ್ದ ಜಾಗಕ್ಕೇ ದೂಡಿಬಿಡಿ."

"ಅದು ತಪ್ಪು ವೇಗ ಅತ್ತೆ!" ಕಣ್ಣು ಕಾಣದಂತೆ ಮಾಡುವ ಕನ್ನಡಕ ಕೇಳಿದಂತೆ ನನ್ನನ್ನು ನೋಡಿದರು. "ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹಾಕೋದು ಹೇಗೆ?"

"ತಪ್ಪೋ ಒಪ್ಪೋ, ಅವಳು ನಮ್ಮನೆಯವಳು. ಈ ಗಂಡಸು ಯಾರು ನಂಗೆ?"

ಹಲ್ಲು ಕಿತ್ತಿಸಿಕೊಳ್ಳುವವರ ಹಾಗೆ ಮುಖ ಮಾಡಿ ಕಡ್ಡಿ ದೂಡಿದರು. ಪ್ಲೇಟು ಓಡಿತು. ಹುಡುಗಿ ಹಾಡಿದಳು. ನಾನು ಮೂತಿ ಅರ್ಧ ತಿರುವಿದವಳು ಅಲ್ಲೇ ನಿಲ್ಲಿಸಿದೆ.

"ಇವಳಲ್ಲ."

"ಮತ್ತೆ?"

"ಇವಳ ತಂಗಿ. ನಮ್ಮವಳ ದನಿ ಇನ್ನೂ ಒಂಚೂರು ದಪ್ಪ."

ಅಳಿಯಂದಿರು ತಲೆ ಕೆರೆದುಕೊಂಡು, ತಟ್ಟೆ ತಿರುಗಿಸುವ ಹಳೆಯ ರಬ್ಬರ್ ಪಟ್ಟಿ ಸಡಿಲವಾಗಿ ಜಾರುತ್ತಿತ್ತು, ತಾವು ಹೊಸದು ಹಾಕಿದ್ದರಿಂದ ತಟ್ಟೆ ಈಗ ಜಾರದೆ ತಿರುಗುತ್ತಿದೆ ಎಂದರು. ಹಾಕಿ ಎಂದು ಹೇಳಿದವರು ಯಾರು? ಹಳೆಯದು ಎಲ್ಲಿ? ಕಸದ ಗಾಡಿಗೆ ಹೋಗಿ ಆಗಿತ್ತು. ಆಗ ಅವರು ಶನಿವಾರ ಬಂದ ಆ 'ಅದೊಂದು' ಸಾಮಾನನ್ನು ತೆಗೆದರು. ಅದು ವೇಗವನ್ನು ಎಳ್ಳಷ್ಟೆಳ್ಳಷ್ಟೇ ಹೆಚ್ಚುಕಮ್ಮಿ ಮಾಡುವ ಒಂದು ತಿರುಪು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಿರುಪು ತಿರುಗಿಸಿ ಕೇಳಿದರು.

"ಇದು ಸರಿನಾ, ಮೊದಲಿನದು ಸರಿನಾ?"

"ಮೊದಲಿನದು. ಅಲ್ಲ, ಇದು. ಸ್ವಲ್ಪ ಹಿಂದಕ್ಕೆ. ಜಾಸ್ತಿ ಆಯ್ತು!"

ಭಾನುವಾರ ಹೀಗೆ ಮುಗಿಯಿತು. ಪೆಟ್ಟಿಗೆ ಹಾಡಿದೆ ಎಂದು ಮಗಳು ಒಪ್ಪಿಕೊಂಡಳು, ಗುಜರಿಯ ಗಂಡಾಂತರ ತಪ್ಪಿತು. ಆದರೆ ಮೇಜು ಬಿಡಲೇಬೇಕಾಯಿತು. ಪೆಟ್ಟಿಗೆ ನನ್ನ ಕೋಣೆಗೆ, ನನ್ನ ಟ್ರಂಕಿನ ಮೇಲಕ್ಕೆ ಬಂತು. ಅಲ್ಲಿಂದ ನೋಡಿ, ಒಂದೊಂದೇ ತೊಡಕು ನನ್ನ ಕಿವಿಗೆ ಬೀಳತೊಡಗಿತು. ಟ್ರಂಕು ವಾಲಿದೆ, ರಸಮಟ್ಟ ತರಿಸಿ, ಕೆಳಗೆ ರಟ್ಟು ಮಡಚಿ ಇಡಿಸಿದೆ. ಗುಳ್ಳೆ ನಡುವೆ ನಿಂತಿತು, ಮಗಳು ಗೋಡೆಯಾಚೆ ಮಷೀನು ತುಳಿದಳು, ಕೋಗಿಲಮ್ಮನಿಗೆ ಬಿಕ್ಕಳಿಕೆ ಬಂತು.

"ಏಯ್, ಒಂದ್ನಿಮಿಷ ನಿಲ್ಲಿಸೇ! ದನಿ ಅಲ್ಲಾಡ್ತಿದೆ!"

"ಅಮ್ಮಾ, ನಿಂಗೂ ಅಂಟ್ಕೊಳ್ತಾ?"

ಅಂಟುವುದೇನು ಬಂತು? ಒಂದು ಕೆಲಸ ಮಾಡಿದ ಮೇಲೆ ನೆಟ್ಟಗೆ ಮಾಡಬೇಕು. ಈ ಕಾಲದವರಿಗೆ ತಾಳ್ಮೆಯೇ ಇಲ್ಲ. ಅಳಿಯಂದಿರನ್ನೇ ನೋಡಿ, ಅಂಗಡಿ ಮುಚ್ಚಿ ಬಂದವರು ತಿರುಪಿನ ಮುಂದೆ ಕೂತರೆ ಆಕಳಿಸುತ್ತಾರೆ. "ಅತ್ತೆ, ನಿನ್ನೆ ಸರಿ ಅಂದ ವೇಗ ಬೇರೆ, ಇವತ್ತು ಸರಿ ಅನ್ನೋದು ಬೇರೆ. ಫೋನಲ್ಲಿ ಅಂಕಿ ಇದೆ, ನೋಡಿ," ಎಂದು ನನಗೇ ಲೆಕ್ಕ ಹೇಳಲು ಬರುತ್ತಾರೆ. ಬಸ್ಸು ದಿನಾ ಒಂದೇ ಹೊತ್ತಿಗೆ ಬರುತ್ತಿತ್ತೇ? ಕೋಗಿಲಮ್ಮನೂ ಒಂದೊಂದು ದಿನ ಒಂದೊಂದು ಥರ. ಜ್ಞಾಪಕ ಇರುವುದು ನನಗೋ ಫೋನಿಗೋ?

ನಿನ್ನೆ ಸಂಜೆ ಮುಳ್ಳಿನ ಭಾರ ಯಾಕೋ ಒಂದು ಸೊಳ್ಳೆಯಷ್ಟು ಕಮ್ಮಿ ಅನಿಸಿ, ತಕ್ಕಡಿ ತನ್ನಿ ಎಂದೆ. ಅಳಿಯಂದಿರು ಏಳಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಉಜ್ಜಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ನನ್ನನ್ನು ಒಂದು ಮಾತು ಕೇಳಿದರು.

"ಅತ್ತೆ, ಒಂದೇ ಒಂದು ಸಲ ಹಾಡು ಹಾಕ್ತೀರಾ? ಸುಮ್ಮನೆ ಕೂತು ಕೇಳ್ತೀನಿ."